ಎರಡನೆಯ ಆಲ್ಬಮ್ಮಿನ ತಾಲೀಮು

(ಮೈಸೂರಿನಲ್ಲಿ, ಬ್ಯಾಂಡ್ ಕಟ್ಟಿಕೊಂಡಿರುವ ಹುಡುಗ ಹುಡುಗಿಯರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಕೆಲವರು ಎರಡನೆಯ ಆಲ್ಬಮ್ಮಿಗೆ ತಯಾರಿ ನಡೆಸಿದ್ದೀರಿ ಎಂದು ನನ್ನನ್ನು ಕರೆದವರು ಹೇಳಿದರು. ಹಾಗಾಗಿ ರಾಕ್ ಸಂಗೀತದ ಚರಿತ್ರೆಯನ್ನೆಲ್ಲ ಬದಿಗಿಟ್ಟು, ಒಂದೇ ಒಂದು ಎರಡನೆಯ ಆಲ್ಬಮ್ಮಿನ ಕಥೆ ಹೇಳೋಣ ಎಂದು ಬಂದೆ. ಆಲ್ಬಮ್ಮಿನ ಹೆಸರು ‘ನೆವರ್‌ಮೈಂಡ್’. ಬ್ಯಾಂಡಿನ ಹೆಸರು ನಮ್ಮದೇ ಪದ, ನಿರ್ವಾಣ.

ನಾನು ಬೆಂಗಳೂರಿನ ಸ್ಟುಡಿಯೊಗಳಲ್ಲಿ ಮಿಕ್ಸರ್ ಮುಂದೆ ಕೂತು ಬದುಕಿದವನು. ಭಾವಗೀತೆ, ದೇವರನಾಮ, ಜಾನಪದ, ಜಾಹೀರಾತಿನ ಜಿಂಗಲ್ ಹೀಗೆ ಬಂದದ್ದನ್ನೆಲ್ಲ ರೆಕಾರ್ಡ್ ಮಾಡಿದ್ದೇನೆ. ಆದರೆ ಈ ಆಲ್ಬಮ್ ನನ್ನ ಕಿವಿಗೆ ಬಿದ್ದಾಗ ನನಗೆ ಸ್ಟುಡಿಯೊ ಎಂದರೆ ಏನೆಂದೇ ಗೊತ್ತಿರಲಿಲ್ಲ. 1991ರ ಸೆಪ್ಟೆಂಬರಿನಲ್ಲಿ ಸ್ಟಾರ್ ಟಿವಿಯ ಜೊತೆ ಎಂಟಿವಿ ಏಷ್ಯಾ ಶುರುವಾಯಿತು. ನಮ್ಮ ಬೀದಿಗೆ ಕೇಬಲ್ ಬಂದದ್ದು ಮರುವರ್ಷ. ಪಕ್ಕದ ಮನೆಯ ಟಿವಿಯಲ್ಲಿ, ಹಳದಿ ಹೊಗೆ ತುಂಬಿದ ಶಾಲೆಯ ಜಿಮ್ಮಿನಂಥ ಜಾಗದಲ್ಲಿ ಮೂವರು ಹುಡುಗರು ಬಾರಿಸುತ್ತಿದ್ದುದನ್ನು ನೋಡಿದೆ. ಕ್ಯಾಸೆಟ್ ಕೊಳ್ಳಲು ದುಡ್ಡಿಲ್ಲ. ಅಪ್ಪ ಅರ್ಧ ತುಂಬಿಸಿಟ್ಟಿದ್ದ ಒಂದು 90 ನಿಮಿಷದ ಕ್ಯಾಸೆಟ್ ಇತ್ತು. ಅದನ್ನೇ ಅಂಗಡಿಗೆ ಒಯ್ದು ಡಬ್ಬಿಂಗ್ ಮಾಡಿಸಿಕೊಂಡೆ. ಆಲ್ಬಮ್ ಸುಮಾರು 42 ನಿಮಿಷದ್ದು. ಹಾಗಾಗಿ ಒಂದು ಬದಿಯಲ್ಲಿ ಪೂರ್ತಿ ಹಿಡಿಸಿತು. ಇನ್ನೊಂದು ಬದಿಯಲ್ಲಿ ಅಪ್ಪ ಆಕಾಶವಾಣಿಯಿಂದ ಹಿಡಿದಿಟ್ಟ ಗಮಕ ವಾಚನ. ವರ್ಷಗಟ್ಟಲೆ ನಾನು ಆ ಕ್ಯಾಸೆಟ್ಟನ್ನು ಮಗುಚಿ ಮಗುಚಿ ಕೇಳಿದ್ದೇನೆ.

ಆ ಮೂವರನ್ನು ನೋಡಿದವರಿಗೆಲ್ಲ ಅನ್ನಿಸುತ್ತಿದ್ದುದು ಒಂದೇ. ಇವರು ಎಲ್ಲಿಂದಲೋ ಬಂದರು, ಸಿಟ್ಟು ಬಂದಂತೆ ಕಿರುಚಿದರು, ಹಾಡು ತಾನಾಗಿ ಆಯಿತು. ನನಗೂ ಹಾಗೇ ಅನ್ನಿಸಿತ್ತು. ಅಂಥ ಸದ್ದಿಗೆ ಎಷ್ಟು ತಾಲೀಮು ಬೇಕು ಎಂಬುದು ತಿಳಿದದ್ದು ನಾನೇ ಈ ಕಸುಬಿಗೆ ಇಳಿದ ಮೇಲೆ. ಇವತ್ತು ನಾನು ಹೇಳಬೇಕಿರುವುದು ಆ ತಾಲೀಮಿನ ವಿಷಯ.

ಮೊದಲ ಆಲ್ಬಮ್ಮನ್ನು ಬೇಗ ಮುಗಿಸಿಬಿಡುತ್ತೇನೆ. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ ಅಬರ್ಡೀನ್ ಎಂಬ ಊರು. ಮರ ಕಡಿಯುವುದೇ ಕಸುಬಾಗಿದ್ದ, ಮಳೆ ಬಿಡದ ಊರು. ಕರ್ಟ್ ಕೋಬೇನ್, ಕ್ರಿಸ್ಟ್ ನೊವೊಸೆಲಿಚ್ ಎಂಬ ಇಬ್ಬರು ಗೆಳೆಯರು 1987ರಲ್ಲಿ ಬ್ಯಾಂಡ್ ಕಟ್ಟಿದರು. ಒಬ್ಬ ಗಿಟಾರ್ ಹಿಡಿದು ಹಾಡುವವನು, ಇನ್ನೊಬ್ಬ ಬೇಸ್. ಡ್ರಮ್ಮಿಗೆ ಒಬ್ಬರಾದ ಮೇಲೆ ಒಬ್ಬರು ಬಂದುಹೋಗಿ, ಕೊನೆಗೆ ಚಾಡ್ ಚಾನಿಂಗ್ ನಿಂತರು. ಸಿಯಾಟಲ್‌ನ ಸಬ್ ಪಾಪ್ ಎಂಬ ಸಣ್ಣ ಕಂಪನಿ 1989ರ ಜೂನಿನಲ್ಲಿ ಇವರ ‘ಬ್ಲೀಚ್’ ಹೊರತಂದಿತು. ರೆಕಾರ್ಡಿಂಗಿಗೆ ಆದ ಖರ್ಚು 606 ಡಾಲರ್ 17 ಸೆಂಟ್. ಅಷ್ಟೂ ಅವರ ಕೈಯಲ್ಲಿರಲಿಲ್ಲ. ಜೇಸನ್ ಎವರ್‌ಮನ್ ಎಂಬ ಗೆಳೆಯ ಕೊಟ್ಟರು. ಅದಕ್ಕೆ ಕೃತಜ್ಞತೆಯಾಗಿ ಆಲ್ಬಮ್ಮಿನ ಮೇಲೆ ಗಿಟಾರ್ ವಾದಕ ಎಂದು ಅವರ ಹೆಸರು ಹಾಕಿದರು, ಮುಖಪುಟದ ಚಿತ್ರದಲ್ಲೂ ಅವರಿದ್ದಾರೆ. ಅವರು ಅದರಲ್ಲಿ ಒಂದು ಸ್ವರವನ್ನೂ ನುಡಿಸಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯ ಆಲ್ಬಮ್ಮಿನ ಕೆಲಸ ಶುರುವಾದದ್ದು 1990ರ ಏಪ್ರಿಲಿನಲ್ಲಿ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನ ಸ್ಮಾರ್ಟ್ ಸ್ಟುಡಿಯೊಸ್. ಅದನ್ನು ನಡೆಸುತ್ತಿದ್ದವರಲ್ಲಿ ಒಬ್ಬರು ಬುಚ್ ವಿಗ್. ಅವರೂ ಡ್ರಮ್ ಬಾರಿಸುವವರೇ, ಅಷ್ಟೇನೂ ಹೆಸರಾಗಿರದ ನಿರ್ಮಾಪಕರು, ಅಂದರೆ ರೆಕಾರ್ಡಿಂಗನ್ನು ಮುಂದೆ ನಿಂತು ನಡೆಸುವವರು. ನಿರ್ವಾಣದ ಮೂವರು ವ್ಯಾನಿನಲ್ಲಿ ಬಂದರು, ಕೆಲವು ದಿನ ರೆಕಾರ್ಡ್ ಮಾಡಿದರು. ‘ಲಿಥಿಯಂ’ ಎಂಬ ಹಾಡಿಗೆ ಬರುವಷ್ಟರಲ್ಲಿ ಕೋಬೇನ್ ಅವರ ಗಂಟಲು ಕಟ್ಟಿಹೋಯಿತು, ಕೆಲಸ ನಿಂತಿತು. ಸಬ್ ಪಾಪ್‌ಗೆಂದು ಮಾಡಿದ ಈ ಹಾಡುಗಳು ಆಗ ಆಲ್ಬಮ್ಮಾಗಿ ಬರಲೇ ಇಲ್ಲ. ಬದಲಿಗೆ ಅದರ ನಕಲು ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಹೋಗಿ, ದೊಡ್ಡ ಕಂಪನಿಗಳ ಮೇಜು ಸೇರಿದವು. ನಾನು ಅಂಗಡಿಯಲ್ಲಿ ಮಾಡಿಸಿಕೊಂಡಂಥದ್ದೇ ನಕಲು! ಕೊನೆಗೆ ಗೆಫೆನ್ ಕಂಪನಿಯ ಡಿಜಿಸಿ ವಿಭಾಗ 1991ರಲ್ಲಿ ಇವರ ಜೊತೆ ಕರಾರು ಮಾಡಿಕೊಂಡಿತು.

ಇಷ್ಟರ ನಡುವೆ ಚಾನಿಂಗ್ ಬ್ಯಾಂಡ್ ಬಿಟ್ಟಿದ್ದರು. ಅವರ ಜಾಗಕ್ಕೆ 1990ರ ಸೆಪ್ಟೆಂಬರಿನಲ್ಲಿ ಬಂದವರು ಡೇವ್ ಗ್ರೋಲ್. ವಯಸ್ಸು 21. ಅವರಿದ್ದ ಬ್ಯಾಂಡ್ ಪ್ರವಾಸದ ಮಧ್ಯದಲ್ಲೇ ಒಡೆದುಹೋಗಿತ್ತು. ಆ ಚಳಿಗಾಲ ಪೂರ್ತಿ ಇವರು ಟಕೋಮಾ ಊರಿನ ಒಂದು ಕೊಟ್ಟಿಗೆಯಲ್ಲಿ ತಾಲೀಮು ನಡೆಸಿದರು. ಈ ಚಳಿಗಾಲದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಏಕೆಂದರೆ ಅಲ್ಲಿ ನಡೆದದ್ದೇನೂ ಸುದ್ದಿಯಲ್ಲ. ಬರುವುದು, ಬಾರಿಸುವುದು, ಮನೆಗೆ ಹೋಗುವುದು. ಮತ್ತೆ ಬರುವುದು. ‘ನೆವರ್‌ಮೈಂಡ್’ ಅರ್ಧಕ್ಕಿಂತ ಹೆಚ್ಚು ಆ ಕೊಟ್ಟಿಗೆಯಲ್ಲೇ ಆಗಿಹೋಯಿತು ಎಂದು ನನ್ನ ನಂಬಿಕೆ. ಹಾಡಿನ ಮೆಲುದನಿಯ ಭಾಗ ಎಲ್ಲಿ ಮುಗಿಯಬೇಕು, ಅಬ್ಬರ ಯಾವ ಮಾತ್ರೆಗೆ ಎದ್ದುಬರಬೇಕು ಎಂಬುದು ಮೂವರ ಮೈಯಲ್ಲಿ ಇಳಿದದ್ದು ಅಲ್ಲಿ. ನಮ್ಮಲ್ಲಿ ತನಿ ಆವರ್ತನ ಮುಗಿಸಿ ಮುಕ್ತಾಯ ಹಾಕುವಾಗ ಮೃದಂಗದವರೂ ಘಟದವರೂ ಒಬ್ಬರ ಮುಖ ಒಬ್ಬರು ನೋಡದೆಯೇ ಒಂದೇ ಏಟಿಗೆ ಇಳಿಯುತ್ತಾರಲ್ಲ, ಅಂಥ ಇಳಿತ.

ಸ್ಟುಡಿಯೊಗೆ ಹೊರಡುವ ಮೊದಲು ಅವರು ಬುಚ್ ವಿಗ್‌ಗೆ ಒಂದು ಕ್ಯಾಸೆಟ್ ಕಳಿಸಿದರು. ತಾಲೀಮಿನ ಜಾಗದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಸದ್ದು ಎಷ್ಟು ಒಡೆದುಹೋಗಿತ್ತೆಂದರೆ ವಿಗ್‌ಗೆ ಹಾಡು ಕೇಳಿಸುವುದೇ ಕಷ್ಟವಾಯಿತಂತೆ. ಅದರಲ್ಲಿದ್ದ ಹೊಸ ಹಾಡು ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’. ಮೊದಲ ಸಲ ಅದನ್ನು ಜನರ ಮುಂದೆ ನುಡಿಸಿದ್ದು 1991ರ ಏಪ್ರಿಲ್ 17ರಂದು, ಸಿಯಾಟಲ್‌ನ ಓಕೆ ಹೋಟೆಲಿನಲ್ಲಿ. ಲಾಸ್ ಏಂಜಲಿಸ್‌ವರೆಗೆ ಹೋಗಲು ಪೆಟ್ರೋಲ್ ಖರ್ಚು ಹುಟ್ಟಿಸಿಕೊಳ್ಳಲು ಮಾಡಿದ ಕಾರ್ಯಕ್ರಮ ಅದು.

ಈಗ ಸ್ಟುಡಿಯೊ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಇದು ನನ್ನ ಸೀಮೆ.

ಲಾಸ್ ಏಂಜಲಿಸ್‌ನ ವ್ಯಾನ್ ನೈಸ್ ಭಾಗದಲ್ಲಿದ್ದ ಸೌಂಡ್ ಸಿಟಿ ನೋಡಲು ಚೆನ್ನಾಗಿರಲಿಲ್ಲ. ಆದರೆ ಅಲ್ಲಿ ಎರಡು ಆಸ್ತಿ ಇದ್ದವು. ಒಂದು, ಡ್ರಮ್ಮಿಗೆ ಹೇಳಿ ಮಾಡಿಸಿದಂಥ ಕೋಣೆ. ಇನ್ನೊಂದು, ಇಂಗ್ಲೆಂಡಿನಲ್ಲಿ ಮಾಡಿದ ನೀವ್ 8028 ಎಂಬ ಮಿಕ್ಸಿಂಗ್ ಕನ್ಸೋಲ್. ಡ್ರಮ್ಮಿನ ಸದ್ದನ್ನು ಆ ಕನ್ಸೋಲ್ ಹಿಡಿಯುತ್ತಿದ್ದ ರೀತಿಗಾಗಿಯೇ ಜನ ಅಲ್ಲಿಗೆ ಹೋಗುತ್ತಿದ್ದರು. ಅದರ ಮೇಲೆ ಗ್ರೋಲ್ ಅವರಿಗೆ ಎಷ್ಟು ಪ್ರೀತಿ ಎಂದರೆ, 2011ರಲ್ಲಿ ಸೌಂಡ್ ಸಿಟಿ ಬಾಡಿಗೆಗೆ ಕೊಡುವುದನ್ನು ನಿಲ್ಲಿಸಿದಾಗ ಆ ಕನ್ಸೋಲನ್ನು ತಾವೇ ಕೊಂಡು ತಮ್ಮ ಸ್ಟುಡಿಯೊಗೆ ಒಯ್ದರು. 1991ರ ಮೇ ತಿಂಗಳಲ್ಲಿ ಬ್ಯಾಂಡ್ ಅಲ್ಲಿಗೆ ಬಂತು. ಬಜೆಟ್ 65,000 ಡಾಲರ್. ‘ಬ್ಲೀಚ್’ನ 606 ಡಾಲರ್ ಪಕ್ಕದಲ್ಲಿ ಇಟ್ಟು ನೋಡಿ.

ಅಷ್ಟು ದುಡ್ಡಿದ್ದರೂ ವಿಗ್ ಮೊದಲು ಮೈಕ್ ಹಾಕಲಿಲ್ಲ. ಮೊದಲ ಕೆಲವು ದಿನ ಬರಿ ತಾಲೀಮು ಮಾಡಿಸಿದರು, ಹಾಡುಗಳ ಕಟ್ಟನ್ನು ಅಲ್ಲಲ್ಲಿ ಬಿಗಿ ಮಾಡಿದರು. ವರ್ಷದಿಂದ ನುಡಿಸುತ್ತಿರುವ ಹಾಡುಗಳಿಗೂ ತಾಲೀಮು. ಅದರಿಂದ ಏನಾಯಿತೆಂದರೆ, ರೆಕಾರ್ಡಿಂಗಿಗೆ ಕೂತಾಗ ಹೆಚ್ಚಿನ ಹಾಡುಗಳ ಮೂಲ ಟ್ರ್ಯಾಕು ಎರಡು ಮೂರು ಟೇಕಿಗೇ ಸಿಕ್ಕಿಬಿಟ್ಟಿತು.

ಕಾಡಿದ್ದು ಮತ್ತೆ ಅದೇ ‘ಲಿಥಿಯಂ’. ಮೆಲ್ಲಗೆ ಹೋಗಿ ಜೋರಾಗಿ ಏಳುವ ಹಾಡು. ಜೋರು ಭಾಗ ಬಂದಾಗಲೆಲ್ಲ ಗ್ರೋಲ್ ಅವರ ಕೈ ಮುಂದಕ್ಕೆ ಓಡುತ್ತಿತ್ತು. ಕಾಲಪ್ರಮಾಣ ಓಡುವುದು ಎಂದು ನಮ್ಮ ಸಂಗೀತದ ಮೇಷ್ಟ್ರುಗಳು ಬೈಯುತ್ತಾರಲ್ಲ, ಅದೇ. ಟೇಕ್ ಮೇಲೆ ಟೇಕ್ ಕೆಟ್ಟವು. ಕೋಬೇನ್ ತಾಳ್ಮೆ ಕಳೆದುಕೊಂಡು ಹಾಡನ್ನು ಬಿಟ್ಟು ಇನ್ನೇನೋ ನುಡಿಸತೊಡಗಿದರು, ಕಿರುಚಿದರು, ಕೊನೆಗೆ ಗಿಟಾರನ್ನೇ ಒಡೆದುಹಾಕಿದರು. ವಿಗ್ ಟೇಪ್ ನಿಲ್ಲಿಸಿರಲಿಲ್ಲ. ಆ ರೇಗಾಟವೇ ಆಲ್ಬಮ್ಮಿನ ಕೊನೆಯಲ್ಲಿ, ಸುಮಾರು ಹತ್ತು ನಿಮಿಷ ಮೌನದ ನಂತರ, ಹೆಸರು ಹಾಕದ ಹಾಡಾಗಿ ಸೇರಿತು. ಪ್ರತಿ ಒತ್ತಿಸುವ ಮೊದಲಿನ ಕೊನೆಯ ಹಂತವಾದ ಮಾಸ್ಟರಿಂಗಿನಲ್ಲಿ ಆದ ತಪ್ಪಿನಿಂದ ಮೊದಲ ಕಂತಿನ ಪ್ರತಿಗಳಲ್ಲಿ ಅದು ಬಿಟ್ಟುಹೋಗಿತ್ತು.

ಜನ ಈ ಗಿಟಾರ್ ಒಡೆದ ಕಥೆಯನ್ನು ಇಷ್ಟಪಟ್ಟು ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಮಾರನೆಯ ದಿನ. ಮಾರನೆಯ ದಿನ ಗ್ರೋಲ್ ಕಿವಿಗೆ ಕ್ಲಿಕ್ ಹಾಕಿಕೊಂಡು ಕೂತರು. ಇಲ್ಲಿರುವ ಡ್ರಮ್ಮಿನವರಿಗೆ ಅದರ ನೋವು ಗೊತ್ತು. ಒಂದು ಯಂತ್ರ ಟಿಕ್ ಟಿಕ್ ಎನ್ನುತ್ತಾ ನಿನ್ನ ಲಯ ಸರಿಯಿಲ್ಲ ಎಂದು ಹೇಳುತ್ತಲೇ ಇರುತ್ತದೆ. ಪಂಕ್ ಎಂಬ ಒರಟು, ವೇಗದ ರಾಕ್ ಬಾರಿಸಿ ಬೆಳೆದ 22ರ ಹುಡುಗನಿಗೆ ಅದು ಸಣ್ಣ ಅವಮಾನವಲ್ಲ. ಆದರೂ ಕೂತರು, ಬಾರಿಸಿದರು, ಹಾಡು ನಿಂತಿತು. ಇವತ್ತು ನಾವು ಕೇಳುವ ‘ಲಿಥಿಯಂ’ ಅದೇ.

ಇನ್ನು ಹಾಡಿನ ಧ್ವನಿ. ನಮ್ಮ ಸ್ಟುಡಿಯೊಗಳಲ್ಲಿ ‘ಡಬಲ್ ಮಾಡಿ’ ಎನ್ನುತ್ತೇವಲ್ಲ, ಒಂದೇ ಸಾಲನ್ನು ಎರಡು ಸಲ ಹಾಡಿಸಿ ಒಂದರ ಮೇಲೊಂದು ಕೂರಿಸುವುದು, ವಿಗ್‌ಗೆ ಅದು ಬೇಕಿತ್ತು. ಕೋಬೇನ್ ಒಪ್ಪುತ್ತಿರಲಿಲ್ಲ. ಅದು ಮೋಸ ಎಂದು ಅವರಿಗೆ ಅನ್ನಿಸುತ್ತಿತ್ತು. ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಕೂಡ ಹೀಗೇ ಮಾಡುತ್ತಿದ್ದರು ಎಂದು ಹೇಳಿ ವಿಗ್ ಒಪ್ಪಿಸಿದರು. ಲೆನನ್ ಹೆಸರು ಕೇಳಿದ ಮೇಲೆ ಕೋಬೇನ್ ಇಲ್ಲ ಎನ್ನಲಿಲ್ಲ. ಆಮೇಲೆ ಮಿಕ್ಸಿಂಗಿಗೆ, ಅಂದರೆ ಧ್ವನಿ, ವಾದ್ಯಗಳ ಸದ್ದನ್ನು ಹದವಾಗಿ ಹೊಂದಿಸುವ ಕೆಲಸಕ್ಕೆ, ಆಂಡಿ ವಾಲೇಸ್ ಬಂದರು. ವಿಗ್ ಮಾಡಿದ್ದ ಮಿಕ್ಸ್ ಬ್ಯಾಂಡಿಗೂ ಕಂಪನಿಗೂ ಹಿಡಿಸಿರಲಿಲ್ಲ. ಒಂದೊಂದು ವಾದ್ಯವೂ ಬೇರೆ ಬೇರೆಯಾಗಿ, ನೀಟಾಗಿ ಕೇಳುವಂತೆ ಮಾಡಿದವರು ವಾಲೇಸ್.

ಮುಂದೆ ಕೋಬೇನ್ ಇದನ್ನೆಲ್ಲ ಹೀಗಳೆದರು. ಹೊಳಪು ಅತಿಯಾಯಿತು, ಇದು ಪಂಕ್ ಅಲ್ಲ ಎಂದರು. ಅವರ ಹಾಡನ್ನು ನಾನು ಎಷ್ಟು ಪ್ರೀತಿಸಿದರೂ ಈ ಮಾತನ್ನು ಒಪ್ಪಲಾರೆ. ಪಕ್ಕದ ಮನೆಯ ಸಣ್ಣ ಟಿವಿಯ ಒಂದೇ ಸ್ಪೀಕರಿನಲ್ಲಿ, ಇಂಗ್ಲಿಷ್ ಅರ್ಧಂಬರ್ಧ ತಿಳಿಯುವ ಮೈಸೂರಿನ ಹುಡುಗನಿಗೆ, ಆ ಧಾಟಿ ಮೊದಲ ಸಲಕ್ಕೇ ಎದೆಗೆ ನಾಟಿತು. ಅದು ನಾಟಿದ್ದು ವಿಗ್ ಡಬಲ್ ಮಾಡಿಸಿದ್ದರಿಂದ, ವಾಲೇಸ್ ಬಿಡಿಸಿಟ್ಟದ್ದರಿಂದ. ‘ಬ್ಲೀಚ್’ ಮೊದಲು ಬಂದಿದ್ದರೆ ನಾನು ಎದ್ದು ಹೋಗುತ್ತಿದ್ದೆನೋ ಏನೋ. ಕೇಳುಗನ ತನಕ ಹಾಡನ್ನು ಮುಟ್ಟಿಸುವ ಕೆಲಸವನ್ನು ಮೋಸ ಎನ್ನಲು ನನ್ನಿಂದಾಗದು, ಜೀವಮಾನವೆಲ್ಲ ಆ ಕೆಲಸ ಮಾಡಿದ್ದೇನೆ.

ಹಾಗೆಂದು ಎಲ್ಲವನ್ನೂ ಉಜ್ಜಿ ತೊಳೆದರು ಎಂದುಕೊಳ್ಳಬೇಡಿ. ಆಲ್ಬಮ್ಮಿನ ಮೇಲೆ ಹೆಸರಿರುವ ಕೊನೆಯ ಹಾಡು ‘ಸಮ್‌ಥಿಂಗ್ ಇನ್ ದ ವೇ’, ನಾನು ಈಗ ಹಾಕಿದಾಗ ಕೇಳಿದಿರಲ್ಲ. ಮೂವರೂ ಒಟ್ಟಿಗೆ ನುಡಿಸಿದಾಗ ಅದು ಬರಲೇ ಇಲ್ಲ. ಈ ಹಾಡು ಹೇಗಿರಬೇಕು ಎಂದು ತೋರಿಸಲು ಕೋಬೇನ್ ಕಂಟ್ರೋಲ್ ರೂಮಿಗೆ ಬಂದರು, ಅಲ್ಲಿನ ಸೋಫಾದ ಮೇಲೆ ಒರಗಿಕೊಂಡರು. ಕೈಯಲ್ಲಿ ಹಳೆಯ ಸಾಮಾನಿನ ಅಂಗಡಿಯಿಂದ ಪುಡಿಗಾಸಿಗೆ ತಂದ ಗಿಟಾರ್. ತಂತಿ ಬದಲಿಸಿದ್ದಿಲ್ಲ, ಶ್ರುತಿ ಕೂಡಿಸಿದ್ದಿಲ್ಲ. ಪಿಸುಗುಟ್ಟುವಂತೆ ಹಾಡಿದರು. ವಿಗ್ ತಕ್ಷಣ ಎಲ್ಲವನ್ನೂ ನಿಲ್ಲಿಸಿ, ಫೋನ್ ಕಿತ್ತುಹಾಕಿ, ಬಾಗಿಲು ಮುಚ್ಚಿ, ಅಲ್ಲೇ ಮೈಕ್ ಇಟ್ಟು ಹಿಡಿದರು. ಡ್ರಮ್ಮು, ಬೇಸು, ಚೆಲ್ಲೋ ಎಲ್ಲ ಆಮೇಲೆ ಸೇರಿಸಿದ್ದು. ಶ್ರುತಿ ಇಲ್ಲದ ಗಿಟಾರಿಗೆ ಅವರೆಲ್ಲ ತಮ್ಮ ಶ್ರುತಿ ಹೊಂದಿಸಿಕೊಳ್ಳಬೇಕಾಯಿತು. ಗ್ರೋಲ್‌ಗೆ ಇನ್ನೂ ಮೆಲ್ಲಗೆ, ಇನ್ನೂ ಮೆಲ್ಲಗೆ ಎಂದು ಹೇಳಿಸಿಕೊಳ್ಳಬೇಕಾಯಿತು.

ಕಂಟ್ರೋಲ್ ರೂಮಿನಲ್ಲಿ ಕೂತವನಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಯಾವುದನ್ನು ಹತ್ತು ಸಲ ಮಾಡಿಸಬೇಕು, ಯಾವುದನ್ನು ಮುಟ್ಟದೆ ಹಾಗೇ ಹಿಡಿಯಬೇಕು ಎಂದು ಆ ಕ್ಷಣದಲ್ಲೇ ತಿಳಿಯಬೇಕು. ಒಮ್ಮೆ ನಾನು ಇದರಲ್ಲಿ ಎಡವಿದ್ದೇನೆ. ಉತ್ತರ ಕರ್ನಾಟಕದ ಕಡೆಯ ಒಬ್ಬ ಹಿರಿಯ ತತ್ವಪದಕಾರರು ಬಂದಿದ್ದರು. ಚಹಾ ಕುಡಿಯುತ್ತಾ, ಮೈಕಿನಿಂದ ಮಾರು ದೂರ ಕೂತು, ಒಂದು ಪದವನ್ನು ತಮ್ಮಷ್ಟಕ್ಕೆ ಗುನುಗಿದರು. ನಾನು ಕೇಬಲ್ ಸರಿಮಾಡುತ್ತಾ ನಿಂತಿದ್ದೆ. ಆಮೇಲೆ ಅವರು ಮೈಕಿನ ಮುಂದೆ ಅದೇ ಪದವನ್ನು ಆರು ಸಲ ಹಾಡಿದರು, ಆರೂ ಸೊಗಸಾಗಿದ್ದವು. ಆದರೆ ಚಹಾ ಹೊತ್ತಿನದು ಮತ್ತೆ ಬರಲಿಲ್ಲ. ಅವರು ಈಗಿಲ್ಲ. ಅಂದಿನಿಂದ ಯಾರಾದರೂ ಸ್ಟುಡಿಯೊ ಒಳಗೆ ಕಾಲಿಟ್ಟರೆ ನಾನು ಮೊದಲು ರೆಕಾರ್ಡಿಂಗ್ ಗುಂಡಿ ಒತ್ತುತ್ತೇನೆ.

ಬಿಡುಗಡೆಯ ಕಥೆಗೆ ಬರೋಣ. 1991ರ ಸೆಪ್ಟೆಂಬರ್ 24ರಂದು ಆಲ್ಬಮ್ ಹೊರಬಂತು. ಅಮೆರಿಕದ ಅಂಗಡಿಗಳಿಗೆ ಕಂಪನಿ ಮೊದಲು ಕಳಿಸಿದ್ದು 46,251 ಪ್ರತಿ. ಎಲ್ಲ ಚೆನ್ನಾಗಿ ನಡೆದರೆ ಕಾಲಕ್ರಮದಲ್ಲಿ ಎರಡೂವರೆ ಲಕ್ಷ ಹೋಗಬಹುದು ಎಂಬುದು ಅವರ ಲೆಕ್ಕ. ಬಿಲ್‌ಬೋರ್ಡ್ ಪತ್ರಿಕೆ ವಾರ ವಾರ ಪ್ರಕಟಿಸುತ್ತಿದ್ದ ಮಾರಾಟದ ಪಟ್ಟಿಯಲ್ಲಿ ಮೊದಲು ಕಾಣಿಸಿಕೊಂಡದ್ದು 144ನೇ ಸ್ಥಾನದಲ್ಲಿ. ಬ್ಯಾಂಡ್ ಮಾತ್ರ ಮೊದಲೇ ಒಪ್ಪಿಕೊಂಡಿದ್ದ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ನುಡಿಸುತ್ತಾ ಹೋಯಿತು. ಒಳಗೆ ಹಿಡಿಸದ ಜನ ಹೊರಗೆ ನಿಲ್ಲತೊಡಗಿದರು. ಎಂಟಿವಿ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ವಿಡಿಯೊ ಹಾಕುತ್ತಲೇ ಇತ್ತು, ನಾನು ಪಕ್ಕದ ಮನೆಯಲ್ಲಿ ನೋಡಿದ್ದೂ ಅದನ್ನೇ. ಅಂಗಡಿಗಳಲ್ಲಿ ಪ್ರತಿ ಮುಗಿದು, ಹೊಸದು ಒತ್ತಿಸಿ ಕಳಿಸುವಷ್ಟರಲ್ಲಿ ಮತ್ತೆ ಮುಗಿಯುತ್ತಿತ್ತು. 1992ರ ಜನವರಿ 11ರ ಪಟ್ಟಿಯಲ್ಲಿ ಮೈಕಲ್ ಜಾಕ್ಸನ್ ಅವರ ‘ಡೇಂಜರಸ್’ ಆಲ್ಬಮ್ಮನ್ನು ಕೆಳಗಿಳಿಸಿ ಇದು ಮೊದಲ ಸ್ಥಾನಕ್ಕೆ ಬಂತು.

ಇಲ್ಲೊಂದು ಸಂಗತಿಯನ್ನು ನೀವು ಗಮನಿಸಬೇಕು. ಅದಕ್ಕೆ ಮೊದಲು ಆ ಪಟ್ಟಿಯನ್ನು ತಯಾರಿಸುತ್ತಿದ್ದುದು ಅಂಗಡಿಯವರಿಗೆ ಫೋನ್ ಮಾಡಿ, ಏನು ಹೋಗುತ್ತಿದೆ ಎಂದು ಕೇಳಿ. ಅವರು ಹೇಳಿದ್ದೇ ಲೆಕ್ಕ. 1991ರ ಮೇ ತಿಂಗಳಿಂದ ಬಿಲ್‌ಬೋರ್ಡ್ ಆ ಪದ್ಧತಿ ಬಿಟ್ಟು, ಕೌಂಟರಿನಲ್ಲಿ ಬಾರ್‌ಕೋಡ್ ಓದಿಸಿದಾಗ ದಾಖಲಾಗುವ ಮಾರಾಟವನ್ನು ಲೆಕ್ಕ ಹಿಡಿಯತೊಡಗಿತು. ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಅದು. ಬ್ಯಾಂಡ್ ಸೌಂಡ್ ಸಿಟಿಯಲ್ಲಿ ರೆಕಾರ್ಡ್ ಮಾಡುತ್ತಿದ್ದ ತಿಂಗಳೇ ಅದು ಜಾರಿಗೆ ಬಂದದ್ದು. ದೊಡ್ಡವರು ಗಮನಿಸದ ಸಂಗೀತವನ್ನು ನಿಜವಾಗಿ ಎಷ್ಟು ಹುಡುಗರು ಕೊಳ್ಳುತ್ತಿದ್ದಾರೆ ಎಂಬುದು ಅಚ್ಚಿನಲ್ಲಿ ಕಾಣಿಸತೊಡಗಿತು. ಒಳ್ಳೆಯ ಆಲ್ಬಮ್ ತಾನಾಗಿ ಮೇಲೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಅದನ್ನು ಎಣಿಸುವ ಕೈಯೂ ಪ್ರಾಮಾಣಿಕವಾಗಿರಬೇಕು. ಈಗ ನಿಮ್ಮ ಹಾಡುಗಳನ್ನು ಮೊಬೈಲಿನ ಆ್ಯಪುಗಳು ಎಣಿಸುತ್ತವೆ. ಅವು ಯಾವುದನ್ನು ಕೇಳಿದ್ದು ಎಂದು ಲೆಕ್ಕ ಹಿಡಿಯುತ್ತವೆ, ಅದಕ್ಕೆ ಎಷ್ಟು ಕೊಡುತ್ತವೆ, ಬಿಡುಗಡೆಗೆ ಮೊದಲೇ ಕೂತು ಓದಿಕೊಳ್ಳಿ.

ಗೆಲುವು ಆ ಮೂವರಿಗೆ ಏನು ಮಾಡಿತು ಎಂಬುದನ್ನು ನಾನು ಕಥೆಯಾಗಿ ಹೇಳಲಾರೆ. 1994ರ ಏಪ್ರಿಲಿನಲ್ಲಿ ಕೋಬೇನ್ ತೀರಿಕೊಂಡರು, 27 ವರ್ಷ. ಅವರಿಗೆ ಬಹುಕಾಲದ ಹೊಟ್ಟೆನೋವಿತ್ತು, ಮನಸ್ಸಿನ ಯಾತನೆ ಇತ್ತು, ಮಾದಕ ವ್ಯಸನ ಇತ್ತು. ಅದನ್ನು ಸಂಗೀತದ ಬೆಲೆ ಎಂದೋ, ದೊಡ್ಡ ಕಲಾವಿದನ ಲಕ್ಷಣ ಎಂದೋ ಬಣ್ಣಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರು ಬದುಕಿದ್ದಿದ್ದರೆ ಇನ್ನಷ್ಟು ಹಾಡು ಬರೆಯುತ್ತಿದ್ದರು. ನಿಮ್ಮ ಬ್ಯಾಂಡಿನಲ್ಲಿ ಯಾರಾದರೂ ತಾಲೀಮಿಗೆ ಬರುವುದು ಬಿಟ್ಟರೆ, ಮಾತು ಕಡಿಮೆಯಾದರೆ, ಅವರ ಮನೆಗೆ ಹೋಗಿ. ಆಲ್ಬಮ್ ಕಾಯುತ್ತದೆ.

ಇನ್ನೊಂದೇ ಹಾಡು ಹಾಕುತ್ತೇನೆ. ‘ಪಾಲಿ’ ಎಂದು ಅದರ ಹೆಸರು. ಸೌಂಡ್ ಸಿಟಿಯಲ್ಲಿ ಇದನ್ನು ಮತ್ತೆ ರೆಕಾರ್ಡ್ ಮಾಡಲಿಲ್ಲ. 1990ರ ಏಪ್ರಿಲಿನಲ್ಲಿ ಮ್ಯಾಡಿಸನ್‌ನಲ್ಲಿ ಹಿಡಿದದ್ದನ್ನೇ, ಹೊಸದಾಗಿ ಮಿಕ್ಸ್ ಮಾಡಿ, ಆಲ್ಬಮ್ಮಿಗೆ ಸೇರಿಸಿದರು. ಹಾಗಾಗಿ ಇದರಲ್ಲಿ ಆಗಾಗ ಕೇಳುವ ಸಿಂಬಲ್ಲಿನ, ಅಂದರೆ ಡ್ರಮ್ಮಿನ ಜೊತೆಯ ಲೋಹದ ತಟ್ಟೆಯ, ಏಟು ಗ್ರೋಲ್ ಅವರದಲ್ಲ, ಬ್ಯಾಂಡ್ ಬಿಟ್ಟುಹೋದ ಚಾಡ್ ಚಾನಿಂಗ್ ಅವರದು. ಆಲ್ಬಮ್ಮಿನ ಮೇಲೆ ಅವರ ಹೆಸರಿಲ್ಲ. ಮೊದಲ ಆಲ್ಬಮ್ಮಿನಲ್ಲಿ ನುಡಿಸದವರ ಹೆಸರಿತ್ತು, ಎರಡನೆಯದರಲ್ಲಿ ನುಡಿಸಿದವರ ಹೆಸರು ಬಿಟ್ಟುಹೋಯಿತು. ಬೇರೆ ಹಾಡುಗಳಲ್ಲೂ ಚಾನಿಂಗ್ ಕಟ್ಟಿದ್ದ ವರಸೆಗಳನ್ನು ಗ್ರೋಲ್ ಹಾಗೇ ಉಳಿಸಿಕೊಂಡಿದ್ದರು. 2014ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಈ ಬ್ಯಾಂಡನ್ನು ಗೌರವಿಸಿದಾಗ, ಗೌರವ ಸಂದವರ ಪಟ್ಟಿಯಲ್ಲಿ ಚಾನಿಂಗ್ ಇರಲಿಲ್ಲ, ಸಭೆಯಲ್ಲಿದ್ದರು. ಗ್ರೋಲ್ ವೇದಿಕೆಯ ಮೇಲಿಂದ ಅವರನ್ನು ನೆನೆದು, ‘ಇನ್ ಬ್ಲೂಮ್’ ಹಾಡಿನ ಡ್ರಮ್ ವರಸೆ ಅವರದೇ ಎಂದು ಎಲ್ಲರೆದುರು ಹೇಳಿದರು. ಇಪ್ಪತ್ತಮೂರು ವರ್ಷ ತಡವಾಗಿ, ಆದರೆ ಹೇಳಿದರು.

ದೀಪ ಸ್ವಲ್ಪ ಇಳಿಸಿ. ಗಿಟಾರಿಗೂ ಧ್ವನಿಗೂ ಗಮನ ಕೊಡಬೇಡಿ. ಸಿಂಬಲ್ಲು ಕೇಳಿಸಿದಾಗ ಕೈ ಎತ್ತಿ.

(ಮೊದಲ ಸಲ ಹಾಕಿದಾಗ ಮೂವರು ಕೈ ಎತ್ತಿದರು. ಎರಡನೆಯ ಸಲ, ಹಿಂದಿನ ಸಾಲಿನಲ್ಲಿ ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. ಪ್ರತಿ ಏಟಿಗೂ ಅವಳ ಕೈ ಮೊದಲು ಮೇಲೆದ್ದಿತು.)